ನಲವತ್ತೊಂದರ ಗಂಗವ್ವ

ಕಳೆದ ತಿಂಗಳು ಹರಪನಹಳ್ಳಿ ಹತ್ತಿರದ ತೆಲಿಗಿಯಲ್ಲಿ ಒಬ್ಬ ಬಾಣಂತಿಯ ಮನೆಗೆ ಹೋಗಿದ್ದೆ. ಕೂಸಿನ ತೂಕ ನೋಡುವುದು, ಹೊಕ್ಕಳು ಒಣಗಿದೆಯೇ ನೋಡುವುದು, ಬಾಣಂತಿಗೆ ಮಾತ್ರೆ ಕೊಟ್ಟು ನಾಲ್ಕು ಮಾತು ಹೇಳಿ ಬರುವುದು ನನ್ನ ಕೆಲಸ. ಬಚ್ಚಲಲ್ಲಿ ಅವಳಿಗೆ ಎರೆಯಲು ನೀರು ಕಾಯುತ್ತಿತ್ತು. ಅವಳ ತಾಯಿ ಹಂಡೆಯ ಮುಚ್ಚಳ ತೆಗೆದದ್ದೇ ತಡ, ಲಕ್ಕಿ ಸೊಪ್ಪು ಕುದ್ದ ಹಬೆ ಪಡಸಾಲೆಯ ತುಂಬ ಹರಡಿತು. ಕೂಸಿನ ತೂಕ ಎಷ್ಟು ಬಂತು ಎಂಬುದೂ ಮರೆತು ಸುಮ್ಮನೆ ಕುಳಿತುಬಿಟ್ಟೆ.

"ಯಾಕ್ರೀ ನರ್ಸಮ್ಮ, ಹಬಿ ಕಣ್ಣಿಗಿ ಬಡೀತೇನು?" ಅಂದರು ಆ ತಾಯಿ.

"ಹೌದ್ರಿ" ಎಂದು ಹೇಳಿ ತಪ್ಪಿಸಿಕೊಂಡೆ. ಕೊಟ್ಟೂರಿನ ಲಕ್ಕಿಹಳ್ಳ ನೆನಪಾಯಿತು ಅಂದಿದ್ದರೆ ಅವರಿಗೆ ಏನು ತಿಳಿಯುತ್ತಿತ್ತು? ಕೂಸನ್ನು ಇನ್ನೊಮ್ಮೆ ತೂಕಕ್ಕೆ ಇಟ್ಟೆ. ಅದು ಗುರ್ ಅಂತ ಮುಖ ಕಿವುಚಿತು.

ಎಂಟು ವರ್ಷದ ಹಿಂದೆ ನಾವು ಕೊಟ್ಟೂರಿನಲ್ಲಿದ್ದೆವು. ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ನಾನು ಆಸ್ಪತ್ರೆಯಲ್ಲಿ ನರ್ಸು. ಊರು ಮುಗಿದು ಹೊಲ ಶುರುವಾಗುವಲ್ಲಿ ಹನುಮಕ್ಕ ಎಂಬುವಳ ಮನೆಯ ಅರ್ಧ ಭಾಗದಲ್ಲಿ ಬಾಡಿಗೆಗಿದ್ದೆವು. ಇನ್ನರ್ಧದಲ್ಲಿ ಹನುಮಕ್ಕ, ಅವಳ ಎರಡು ಎಮ್ಮೆ ಮತ್ತು ಅವಳ ಬಾಯಿ. ಆ ಬಾಯಿಗೆ ಬೇರೆಯೇ ಒಂದು ಕೋಣೆ ಕಟ್ಟಿಸಬೇಕು ಎಂದು ನಮ್ಮವರು ನಗಾಡುತ್ತಿದ್ದರು. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಇಬ್ಬರು ಹೆಣ್ಣುಮಕ್ಕಳನ್ನು ಹಡಗಲಿ ಕಡೆ ಕೊಟ್ಟಿದ್ದಳು. ನಾವು ಸಾಮಾನು ಇಳಿಸಿದ ದಿನ ಅವಳು ಹಾಕಿದ ಷರತ್ತು ಒಂದೇ ಒಂದು.

"ನೋಡವಾ, ಏನರ ಮಾಡ್ಕ. ಗೋಡಿಗಿ ಮೊಳಿ ಮಾತ್ರ ಹೊಡೀಬ್ಯಾಡ. ಮಣ್ಣಿನ ಗೋಡಿ, ಉದುರತೈತಿ."

ಮದುವೆಯಾದಾಗಿನಿಂದ ಅದು ನಮ್ಮ ನಾಲ್ಕನೆಯ ಬಾಡಿಗೆ ಮನೆ. ಹೊಸಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಎಲ್ಲ ಕಡೆಯೂ ಈ ಮೊಳೆಯ ಮಾತು ಕೇಳಿದ್ದೆ. ನಮ್ಮ ಮದುವೆಯ ಫೋಟೋ ಒಂದು ಗೋಡೆಯನ್ನೂ ಕಾಣದೆ ಟ್ರಂಕಿನ ತಳದಲ್ಲಿ ಸೀರೆಗಳ ನಡುವೆ ಮಲಗಿತ್ತು. ಸ್ವಂತ ಮನೆ ಅಂದರೆ ನನ್ನ ಕಣ್ಣಿಗೆ ಮೊದಲು ಬರುತ್ತಿದ್ದುದು ಒಂದು ಮೊಳೆ. ಇಷ್ಟೇನಾ ನಿನ್ನ ಆಸೆ ಎಂದು ಯಾರಾದರೂ ನಕ್ಕರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬೇರೆಯವರ ಮನೆಗಳನ್ನು ತನ್ನ ಮನೆಯ ಹಾಗೆ ಸಾರಿಸಿ, ಗುಡಿಸಿ, ಕೊನೆಗೆ ಬೀಗದ ಕೈ ಒಪ್ಪಿಸಿ ಬಂದವಳನ್ನು ಕೇಳಿ ನೋಡಲಿ.

ಹಿತ್ತಲ ಬಾಗಿಲು ತೆಗೆದರೆ ಲಕ್ಕಿಹಳ್ಳ. ಹಳ್ಳ ಅಂದಕೂಡಲೇ ಜುಳುಜುಳು ನೀರು ಅಂದುಕೊಳ್ಳಬೇಡಿ. ವರ್ಷದ ಹೆಚ್ಚು ಪಾಲು ಅಲ್ಲಿ ಬರೀ ಮರಳು. ಕುರಿ ಕಾಯುವವರು ಬಿಸಿಲಿಗೆ ಹೊಂಗೆಯ ನೆರಳಲ್ಲಿ ಕುರಿ ತರುಬಿಕೊಂಡು ಮಲಗುತ್ತಿದ್ದರು. ಬಾಯಾರಿದರೆ ಮರಳಲ್ಲಿ ಮೊಣಕೈ ಆಳಕ್ಕೆ ತೋಡುವರು, ಸ್ವಲ್ಪ ಹೊತ್ತಿಗೆ ಕೆಳಗಿನಿಂದ ತಿಳಿನೀರು ಜಿನುಗಿ ನಿಲ್ಲುವುದು. ಊರಿನ ಕೋಳಿ ಅಂಗಡಿಯ ಪುಕ್ಕ, ಪ್ಲಾಸ್ಟಿಕ್ ಚೀಲ, ಒಡೆದ ಬಕೆಟ್ಟು, ಅವೂ ಅಲ್ಲೇ ಇದ್ದವು. ಎರಡೂ ದಂಡೆಯಲ್ಲಿ ಆಳೆತ್ತರ ಲಕ್ಕಿ ಗಿಡ. ಸಂಜೆ ಗಾಳಿ ತಿರುಗಿದರೆ ಅದರ ಘಾಟು ವಾಸನೆ ನಮ್ಮ ಅನ್ನದ ಪಾತ್ರೆಯವರೆಗೂ ಬರುತ್ತಿತ್ತು.

ನಮ್ಮ ಈ ಕಡೆ ಹಳ್ಳ ಹರಿಯಿತು ಎನ್ನುವುದಕ್ಕಿಂತ ಹಳ್ಳ ಬಂತು ಎನ್ನುವುದೇ ಹೆಚ್ಚು. ದೂರದಲ್ಲಿ ಎಲ್ಲೋ ಮಳೆಯಾಗಿ, ಇಲ್ಲಿ ಬಿಸಿಲಿರುವಾಗಲೇ ಅದು ಬಂದುಬಿಡುತ್ತದೆ. ಮಗಳು ತವರಿಗೆ ಬಂದಳೇ ಎಂದು ಕೇಳುವ ಹಾಗೆ ಒಬ್ಬರನ್ನೊಬ್ಬರು ಕೇಳುತ್ತಾರೆ, ನಿಮ್ಮ ಹಳ್ಳ ಬಂತೇ ಎಂದು. ನಾವು ಬಾಡಿಗೆಗೆ ಬಂದ ಮೇಲೆ ಲಕ್ಕಿಹಳ್ಳ ಒಮ್ಮೆಯೂ ಬಂದಿರಲಿಲ್ಲ. ಮೂರು ಮಳೆಗಾಲ ಹಾಗೆಯೇ ಹೋದವು. ಕೇಳಿದವರಿಗೆಲ್ಲ ಹನುಮಕ್ಕ, "ಮುನಿಸ್ಕೊಂಡಾಳವಾ, ಬರತಾಳ" ಎನ್ನುತ್ತಿದ್ದಳು.

ಆಚೆ ದಂಡೆಯ ಶೇಂಗಾ ಹೊಲ ಹನುಮಕ್ಕ ಮತ್ತು ಅವಳ ಮೈದುನರದು. ಆ ವರ್ಷ ಅದನ್ನು ಅವರು ಶೇಖರಣ್ಣನಿಗೆ ಮಾರಿದರು. ಶೇಖರಣ್ಣನದು ಊರಲ್ಲಿ ಸಿಮೆಂಟು ಅಂಗಡಿ, ಹೊಸದಾಗಿ ಲೇಔಟ್ ಮಾಡುವ ಉಮೇದು. ಹನುಮಕ್ಕ ಮಾರಿದ್ದು ದುಡ್ಡಿನ ಆಸೆಗಲ್ಲ. ಲೇಔಟಿನಲ್ಲಿ ತನಗೆ ಎರಡು ಸೈಟು ಬಿಡಬೇಕೆಂದು ಹೇಳಿ, ಅಲ್ಲಿ ಮನೆ ಕಟ್ಟಿಸಿ ಹೆಣ್ಣುಮಕ್ಕಳನ್ನು ಕಣ್ಣ ಮುಂದೆ ಇಟ್ಟುಕೊಳ್ಳುವುದು ಅವಳ ಲೆಕ್ಕ. "ಮಂದಿಗಿ ಮನಿ ಬೇಕಲ್ಲವಾ, ಶೇಂಗಾದಾಗ ಮಲಗಾಕ ಬರತೈತೇನು?" ಅಂದಳು. ನಾವೂ ಒಂದು ಸೈಟು ಹಿಡಿದೆವು. ಹಳ್ಳ ತಿರುಗುವ ಮೂಲೆಯದು, ನಲವತ್ತೊಂದನೆಯ ನಂಬರು. ಅದನ್ನು ಆರಿಸಿದವಳು ನಾನು.

ನಮ್ಮ ಮನೆಯವರಿಗೆ ಮುಂದಿನ ರೋಡಿನ ಸೈಟಿನ ಮೇಲೆ ಕಣ್ಣಿತ್ತು. "ಊರೆಲ್ಲಾ ರೋಡಿಗಿ ಬಾಗ್ಲಾ ಇಟ್ರ ನೀ ಹಳ್ಳಕ್ಕ ಇಡ್ತೀಯೇನಲೇ?" ಅಂದರು.

"ಕಟ್ಟಿ ಮ್ಯಾಲ ಕುಂತು ಹಳ್ಳ ಬರೋದು ನೋಡ್ತೀನಿ."

"ಬರಲಾರದ ಹಳ್ಳ ನೋಡಾಕ ಕಟ್ಟಿ ಬ್ಯಾರೆ!"

ಆದರೂ ಒಪ್ಪಿದರು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟರು, ಒಂದರ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದರು. ಅದೇ ಸಂಜೆ ನಾನು ರಂಗೋಲಿ ಡಬ್ಬಿ ಒಯ್ದು ನೆಲದ ಮೇಲೆ ಮನೆಯನ್ನೇ ಬರೆದುಬಿಟ್ಟೆ. ಇದು ಪಡಸಾಲೆ, ಇದು ದೇವರ ಮನೆ, ಹಳ್ಳದ ಕಡೆಗೆ ಅಡುಗೆಮನೆ, ಅದಕ್ಕೊಂದು ಕಿಟಕಿ. ಹನುಮಕ್ಕ ಎಮ್ಮೆ ಹೊಡೆದುಕೊಂಡು ಬಂದವಳು ನೋಡಿದಳು. ಗೆರೆ ತುಳಿಯದೆ, ನಾನು ಬಾಗಿಲೆಂದು ಬಿಟ್ಟಿದ್ದ ಸಂದಿನಿಂದಲೇ ಒಳಗೆ ಬಂದು ಅಡುಗೆಮನೆಯಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತಳು.

"ಚಾ ಕೊಡವಾ ನರ್ಸಮ್ಮ. ಹಾಲು ನಂದ, ಸಕ್ಕರಿ ನಿಂದು."

ನಾನು ಬರಿಗೈಯಲ್ಲೇ ಚಹಾ ಸೋಸಿ ಕೊಟ್ಟೆ. ಅವಳು ಸೊರ್ ಅಂತ ಕುಡಿದು, ಬೆಲ್ಲ ಜಾಸ್ತಿ ಆಯಿತು ಎಂದು ಮೂಗು ಮುರಿದಳು. ಸಕ್ಕರೆಯ ಚಹಾದಲ್ಲಿ ಬೆಲ್ಲ ಹೇಗೆ ಬಂತು ಎಂದು ಇಬ್ಬರೂ ನಕ್ಕೆವು. ನನ್ನ ಬದುಕಿನಲ್ಲಿ ಅಷ್ಟು ಸುಖದ ಸಂಜೆಗಳು ಬಹಳ ಇಲ್ಲ.

ಒಂದು ಸಂಗತಿ ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಹಳ್ಳದ ಕಡೆಯ ಸಾಲಿನ ಸೈಟುಗಳಿಗೆ ಜಾಗ ಸಾಲದೆ ದಂಡೆಯ ಗಿಡ ಕಡಿದು, ಮಣ್ಣು ತುಂಬಿ, ಹಳ್ಳದ ಒಳಕ್ಕೇ ಬಂದಿದ್ದರು. ಉಳಿದ ಹಳ್ಳಕ್ಕೆ ಎರಡೂ ಬದಿ ಸಿಮೆಂಟಿನ ಗೋಡೆ ಕಟ್ಟಿ ಸಣ್ಣ ಕಾಲುವೆ ಮಾಡುವವರಿದ್ದರು. ಶೇಖರಣ್ಣನನ್ನು ಕೇಳಿದೆ.

"ಬರಲಾರದ ಹಳ್ಳಕ್ಕ ಅಷ್ಟಗಲ ಜಾಗ ಯಾಕ್ರಿ ಅಕ್ಕಾರ? ಬಂದ್ರೂ ಕಾಲುವ್ಯಾಗ ಹೋಗತೈತಿ. ನಿಮ್ಮ ಮನಿ ಅಂಗಳಕ್ಕ ಇನ್ನೊಂದೀಟು ಜಾಗ ಸಿಕ್ತು ಅನ್ಕೊಳ್ರಿ" ಅಂದ.

ಅವನು ಕೆಟ್ಟ ಮನುಷ್ಯನೇನಲ್ಲ. ಅವನು ಹೇಳಿದ್ದು ನನಗೂ ಸರಿ ಎನಿಸಿತು, ಏಕೆಂದರೆ ಸರಿ ಎನಿಸಬೇಕಾಗಿತ್ತು. ಜೆಸಿಬಿ ಮತ್ತೆ ಬಂದು ಉಳಿದ ಲಕ್ಕಿ ಗಿಡಗಳನ್ನೂ ಬುಡಸಮೇತ ಮಗುಚಿತು. ಒಂದು ವಾರ ನಮ್ಮ ಓಣಿಯೆಲ್ಲ ಅದೇ ವಾಸನೆ, ತೆಲಿಗಿಯ ಹಂಡೆಯಿಂದ ಬಂದ ಇದೇ ವಾಸನೆ. ಆ ಗಿಡಗಳ ನಡುವೆ ಗಂಗವ್ವ ಎಂದು ಪೂಜೆ ಮಾಡುತ್ತಿದ್ದ ಒಂದು ಕಲ್ಲಿತ್ತಂತೆ. ಹಳ್ಳ ಬಂದ ವರ್ಷ ಮಾತ್ರ ಅದಕ್ಕೆ ಪೂಜೆ. ಮೂರು ವರ್ಷ ಯಾರೂ ಅತ್ತ ಹೋಗದೆ ಇದ್ದುದರಿಂದ, ಮಣ್ಣಿನ ಕೆಳಗೆ ಅದು ಯಾವಾಗ ಹೋಯಿತೋ ಯಾರಿಗೂ ನೆನಪಾಗಲಿಲ್ಲ.

ಮುಂಗಾರು ಎಂದಿನಂತೆ ಆಸೆ ತೋರಿಸಿ ಹೋಯಿತು. ನಾವು ತಳಪಾಯಕ್ಕೆ ಒಳ್ಳೆಯ ದಿನ ಕೇಳಿಸಿದೆವು. ಗೌರಿ ಗಣಪತಿ ಮುಗಿದು ಉತ್ತರಿ ಮಳೆ ಹುಟ್ಟಿತು. ಒಂದು ಮಧ್ಯಾಹ್ನ ಕೂಡ್ಲಿಗಿ ಕಡೆಯ ಆಕಾಶ ಕಾಡಿಗೆಯಂತೆ ಕಪ್ಪಾಗಿತ್ತು, ನಮ್ಮಲ್ಲಿ ನಾಲ್ಕು ಹನಿಯೂ ಇಲ್ಲ. ನಾನು ಡ್ಯೂಟಿ ಮುಗಿಸಿ ಬಂದು ಬಟ್ಟೆ ಒಣಹಾಕುತ್ತಿದ್ದೆ. ದೂರದಲ್ಲಿ ಲಾರಿಗಳು ಸಾಲಾಗಿ ಬಂದಂತೆ ಸದ್ದಾಯಿತು. ಹನುಮಕ್ಕ ಎಮ್ಮೆಯ ಹಗ್ಗವನ್ನು ಕೈಯಿಂದ ಬಿಟ್ಟು ನಿಂತಳು.

"ಬಂದ್ಳು!" ಅಂದಳು. ಆಮೇಲೆ ಓಣಿಗೆಲ್ಲ ಕೇಳುವಂತೆ, "ಹಳ್ಳ ಬಂತ್ರವಾ, ಬರ್ರಿ! ನಮ್ಮ ಹಳ್ಳ ಬಂತು!"

ಮೊದಲು ಬಂದದ್ದು ನೀರಲ್ಲ, ಕಸ. ಒಣಗಿದ ಎಲೆ, ಕಡ್ಡಿ, ಚಪ್ಪಲಿ, ನೊರೆ, ಎಲ್ಲವನ್ನೂ ಮುಂದೆ ತಳ್ಳಿಕೊಂಡು ಮರಳಿನ ಮೇಲೆ ಹುಡುಕುತ್ತ ಹುಡುಕುತ್ತ ಬಂತು. ಅದರ ಹಿಂದೆ ಕೆಂಪು ನೀರು. ನೋಡುನೋಡುತ್ತಿದ್ದಂತೆ ಮೊಣಕಾಲು, ಸೊಂಟ, ಆಮೇಲೆ ಆಳ ತಿಳಿಯದಾಯಿತು. ಓಣಿಯ ಜನ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ದಂಡೆಗೆ ಬಂದು ಕುಳಿತರು. ನನಗೆ ಕುಣಿಯುವಷ್ಟು ಖುಷಿ. ಮೂರು ವರ್ಷ ಹೆಸರು ಮಾತ್ರ ಕೇಳಿದ್ದವಳನ್ನು ಕಣ್ಣಾರೆ ಕಂಡಿದ್ದೆ. ಆಚೆ ದಂಡೆಯ ಹೊಸ ಮಣ್ಣು ದೊಪ್ಪೆಂದು ನೀರಿಗೆ ಬೀಳತೊಡಗಿದಾಗ ಮಾತ್ರ ನಮ್ಮ ಮನೆಯವರು ಮಿರ್ಚಿ ಕೆಳಗಿಟ್ಟರು.

"ಅದು ನಮ್ಮ ಸೈಟಲ್ಲೇನು?" ಅಂದರು.

ಬೆಳಗಾಗುವಷ್ಟರಲ್ಲಿ ನೀರು ಇಳಿದಿತ್ತು. ಹಳ್ಳ ಬಂದ ಮಾರನೆಯ ದಿನ ಓಣಿಯ ಹೆಂಗಸರು ಅದಕ್ಕೆ ಉಡಿ ತುಂಬಬೇಕು. ಹೆಣ್ಣುಮಕ್ಕಳಿಗೆ ತುಂಬುವ ಹಾಗೆಯೇ, ಕುಪ್ಪಸದ ಬಟ್ಟೆ, ಹಸಿರು ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ. ತಟ್ಟೆ ಹಿಡಿದು ಸೇತುವೆ ಸುತ್ತಿ ಆಚೆ ದಂಡೆಗೆ ಹೋದೆವು. ಅಲ್ಲಿ ನೋಡಿದರೆ ಎಲ್ಲ ಅಡಿಮೇಲು. ತುಂಬಿದ ಮಣ್ಣು ಕೊಚ್ಚಿಹೋಗಿ ದಂಡೆಯ ಕಡೆಯ ಸಾಲು ಪೂರ್ತಿ ಮತ್ತೆ ಹಳ್ಳವಾಗಿತ್ತು. ನಾನು ರಂಗೋಲಿ ಹಾಕಿದ ಜಾಗ ಯಾವುದೆಂದು ನನಗೇ ಗುರುತು ಸಿಗಲಿಲ್ಲ.

ಹನುಮಕ್ಕ ಗಂಗವ್ವನ ಕಲ್ಲನ್ನು ಹುಡುಕುತ್ತ ಸೀರೆ ಎತ್ತಿ ಕಟ್ಟಿ ಕೆಸರಲ್ಲಿ ಮುಂದೆ ಹೋದಳು. "ಇಲ್ಲೇ ಇದ್ದಳಲ್ಲ... ಲಕ್ಕಿ ಬುಡುಕ ಇದ್ದಳಲ್ಲ..." ಎನ್ನುತ್ತ ಹೋದವಳು ಒಮ್ಮೆಲೇ ಕೂಗಿದಳು. "ಇಕಾ, ಇಲ್ಲಿ ನಿಂತಾಳ ನನ್ನವ್ವ!"

ನೀರಿನ ಅಂಚಿನಲ್ಲಿ ಒಂದು ಕಲ್ಲು ಓರೆಯಾಗಿ ನಿಂತಿತ್ತು. ಮೈಯೆಲ್ಲ ಕೆಸರು, ತಲೆಯ ಮೇಲೆ ಒಂದು ಹಿಡಿ ಲಕ್ಕಿ ಸೊಪ್ಪು ಸಿಕ್ಕಿಕೊಂಡಿತ್ತು. ಹೆಂಗಸರೆಲ್ಲ ಅಡ್ಡಬಿದ್ದರು. ಹಳ್ಳದ ಕಡೆಯ ಮುಖವನ್ನು ನೀರು ಹಾಕಿ ತೊಳೆದೆವು. ಅರಿಷಿಣ ಹಚ್ಚಿದವಳು ನಾನು, ಕುಂಕುಮ ಇಟ್ಟವಳು ಹನುಮಕ್ಕ. ಕುಪ್ಪಸದ ಬಟ್ಟೆ ಉಡಿಸಿ, ಉಡಿ ತುಂಬಿ, ಹಾಡು ಹೇಳಿದೆವು. ಆರತಿ ಬೆಳಗುತ್ತ ಸುತ್ತು ಬರುವಾಗ ನಾನು ಕಲ್ಲಿನ ಹಿಂಬದಿಗೆ ಬಂದೆ. ಕೆಸರಿನ ಕೆಳಗೆ ಏನೋ ಕೆಂಪಗೆ ಕಂಡಿತು. ಬೆರಳಿನಿಂದ ಒರೆಸಿದೆ. ನಾಲ್ಕು. ಇನ್ನಷ್ಟು ಒರೆಸಿದೆ. ಒಂದು.

ಆರತಿ ತಟ್ಟೆ ಕೈಯಲ್ಲೇ ನಿಂತಿತು. ಹನುಮಕ್ಕ ಬಂದು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ನನ್ನ ಶಿವನ! ನಿಮ್ಮ ಸೈಟಿನ ಕಲ್ಲಲ್ಲವಾ ಇದು!"

ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ನಗು ಎಲ್ಲರಿಗೂ ಹತ್ತಿತು, ನನಗೂ ಹತ್ತಿತು. ನಕ್ಕು ನಕ್ಕು ಸಾಕಾದ ಮೇಲೆ ನೋಡಿದರೆ ನನ್ನ ಕೆನ್ನೆ ಒದ್ದೆಯಾಗಿತ್ತು. ಹನುಮಕ್ಕ ಉಡಿಗೆ ಕೈ ಹಾಕಿ ತೆಗೆಯಲು ನೋಡಿದಳು, ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು. "ತುಂಬಿದ ಉಡಿ ಹೆಂಗವಾ ಬರಿದು ಮಾಡ್ಲಿ?" ಎಂದು ನನ್ನನ್ನೇ ಕೇಳಿದಳು.

ಸುದ್ದಿ ಶೇಖರಣ್ಣನಿಗೆ ಹೋಯಿತು. ಮತ್ತೆ ಮಣ್ಣು ತುಂಬಲು ಬಂದ ಜೆಸಿಬಿಯವನು ಅರಿಷಿಣ ಕುಂಕುಮ ನೋಡಿ ಗಾಡಿ ಆಫ್ ಮಾಡಿ ಬೀಡಿ ಹಚ್ಚಿದ. ಶೇಖರಣ್ಣ ನೇರ ನಮ್ಮ ಮನೆಗೇ ಬಂದ.

"ಅಕ್ಕಾರ, ಸೈಟು ನಿಮ್ದು, ಕಲ್ಲು ನಿಮ್ದು. ನೀವು ಒಂದು ಮಾತು ಹೂಂ ಅನ್ರಿ. ಪೂಜಾರಿನ ಕರೆಸಿ, ಶಾಸ್ತ್ರ ಮಾಡಿಸಿ, ಆಕೀನ ಬ್ಯಾರೆ ಕಡಿಗಿ ಕುಂದ್ರಸ್ತೀನಿ. ಈ ಸಲ ಕಾಲುವಿ ಗಟ್ಟಿ ಮಾಡಿಸ್ತೀನಿ. ನಿಮ್ಮ ಮನಿಗಿ ಏನೂ ಆಗಂಗಿಲ್ಲ."

"ಹೂಂ ಅನ್ನು ಲೇ" ಅಂದರು ನಮ್ಮವರು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವ ದನಿಯಲ್ಲಿ. ಅವರಿಗೂ ಬಾಡಿಗೆ ಮನೆ ಸಾಕಾಗಿತ್ತು. ಡಿಪೋದಲ್ಲಿ ಗ್ರೀಸು ಮೆತ್ತಿಕೊಂಡು ಬಂದ ಕೈ ತೊಳೆಯಲು ಸ್ವಂತದ್ದೊಂದು ನಲ್ಲಿ ಇರಲಿ ಎಂಬುದು ಅವರ ಮೊಳೆ.

ನಾಳೆ ಹೇಳುತ್ತೇನೆ ಎಂದೆ. ಸಂಜೆ ಒಬ್ಬಳೇ ಅಲ್ಲಿಗೆ ಹೋದೆ. ಕಲ್ಲಿನಿಂದ ಹೆಜ್ಜೆ ಹಾಕಿ ಪಡಸಾಲೆ ದಾಟಿ ಅಡುಗೆಮನೆಯ ಜಾಗಕ್ಕೆ ಬಂದೆ. ಅಲ್ಲಿ ತೆಳ್ಳಗೆ ನೀರು ನಿಂತಿತ್ತು, ಅದರ ಕೆಳಗೆ ಹೊಸ ಮರಳು, ಹೆಣ್ಣುಮಕ್ಕಳು ಬಾಚಿದ ತಲೆಯ ಹಾಗೆ ಗೆರೆಗೆರೆಯಾಗಿ ಕುಳಿತಿತ್ತು. ಚಪ್ಪಲಿ ಬಿಟ್ಟು ನಿಂತೆ. ತಣ್ಣಗಿತ್ತು. ನನಗೆ ದೇವರ ಭಯವಾಯಿತು ಎಂದರೆ ಸುಳ್ಳಾಗುತ್ತದೆ. ನೀರು ಮನೆಯೊಳಗೆ ನುಗ್ಗೀತು ಎಂಬ ಹೆದರಿಕೆ ಇದ್ದದ್ದು ನಿಜ, ಆದರೆ ಅದೂ ದೊಡ್ಡದಾಗಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಯಾವ ಹಳ್ಳವನ್ನು ನೋಡಬೇಕೆಂದು ಈ ಮೂಲೆಯನ್ನು ಹಿಡಿದಿದ್ದೆನೋ, ಇಲ್ಲಿ ನನ್ನ ಕಟ್ಟೆ ಎದ್ದರೆ ಆ ಹಳ್ಳ ಇರುವುದಿಲ್ಲ. ಸಿಮೆಂಟಿನ ಕಾಲುವೆಯಲ್ಲಿ ಬಂದದ್ದನ್ನು ಯಾರೂ ಓಣಿಗೆಲ್ಲ ಕೂಗಿ ಹೇಳುವುದಿಲ್ಲ. ಅಲ್ಲಿ ನಿಂತು ಬಹಳ ಅತ್ತೆ. ಮನೆ ಹೋಯಿತೆಂದೇ ಅತ್ತೆ, ಬೇರೆ ದೊಡ್ಡ ಮಾತೇನೂ ಇಲ್ಲ.

ಮರುದಿನ ಶೇಖರಣ್ಣನಿಗೆ ಹೇಳಿದೆ. "ಆಕೀ ಅಲ್ಲೇ ಇರ್ಲಿ ಬಿಡಣ್ಣ. ನಮಗ ಬ್ಯಾರೆ ಕಡಿಗಿ ಕೊಡು."

ನಮ್ಮ ಮನೆಯವರು ಎರಡು ದಿನ ಮಾತು ಬಿಟ್ಟರು. ಶೇಖರಣ್ಣ ತಲೆ ಕೆರೆದುಕೊಂಡ. ಅಷ್ಟರಲ್ಲಿ ಹಳ್ಳದ ಕಡೆಯ ಸಾಲಿನ ಬೇರೆಯವರೂ ನೀರು ಕಂಡು ಹಿಂದೇಟು ಹಾಕತೊಡಗಿದ್ದರು. ಲೇಔಟ್ ಅಂದ ಮೇಲೆ ಹೇಗೂ ಪಾರ್ಕಿಗೆ ಜಾಗ ಬಿಡಬೇಕು, ಅದನ್ನು ಆ ತುದಿಗೆ ಬೈಪಾಸ್ ಪಕ್ಕ ಬಿಟ್ಟಿದ್ದ. ಕೊನೆಗೆ ಪಾರ್ಕನ್ನು ಹಳ್ಳದ ದಂಡೆಗೆ ತಂದ, ಪಾರ್ಕಿನ ಜಾಗದಲ್ಲಿ ನಮಗೆಲ್ಲ ಸೈಟು ಹಾಕಿಕೊಟ್ಟ. ಮೇಲಿನವರ ಒಪ್ಪಿಗೆಗೆ ಅವನು ಓಡಾಡಿದ್ದು ಅವನಿಗೇ ಗೊತ್ತು. ಲೇಔಟೂ ಉಳಿಯಿತು, ಹಳ್ಳವೂ ಉಳಿಯಿತು. ನಮ್ಮ ಹೊಸ ಸೈಟಿನಲ್ಲಿ ನಿಂತರೆ ಮೆಕ್ಕೆಜೋಳದ ಗೋಡೌನು ಕಾಣುತ್ತಿತ್ತು. ನಾನು ಅಲ್ಲಿಗೆ ರಂಗೋಲಿ ಡಬ್ಬಿ ಒಯ್ಯಲಿಲ್ಲ. ಮುಂದಿನ ವರ್ಷ ನನಗೆ ಈ ಕಡೆ ವರ್ಗವಾಯಿತು, ಅವರೂ ಬದಲಿ ಮಾಡಿಸಿಕೊಂಡರು. ಆ ಸೈಟು ಮಾರಿ ಹರಪನಹಳ್ಳಿಯಲ್ಲಿ ಕಟ್ಟಿದ ಮನೆಯನ್ನೇ ಕೊಂಡೆವು. ಬಂದ ದಿನವೇ ಮೊಳೆ ಹೊಡೆದು ಫೋಟೋ ತೂಗುಹಾಕಿದೆ. ಒಳ್ಳೆಯ ಮನೆ, ಸುಳ್ಳು ಹೇಳಬಾರದು. ಅಡುಗೆಮನೆಯ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ.

ತೆಲಿಗಿಯ ಆ ವಾಸನೆ ನನ್ನನ್ನು ಬಿಡಲಿಲ್ಲ. ಮುಂದಿನ ಭಾನುವಾರ ಬಸ್ ಹತ್ತಿ ಕೊಟ್ಟೂರಿಗೆ ಹೋದೆ. ಸ್ಟ್ಯಾಂಡಿನಲ್ಲಿ ಆಟೋದವನಿಗೆ ಲೇಔಟಿನ ಗುರುತು ಹೇಳಿದೆ.

"ಲೇಔಟಿನಾಗ ಎಲ್ಲಿಗ್ರಿ? ನಲವತ್ತೊಂದ್ರವ್ವನ ಹತ್ರ ಇಳಸ್ಲೇನು?"

"ಯಾರ ಹತ್ರ?"

"ಗಂಗವ್ವ್ರಿ. ಎಲ್ಲಾರೂ ಅದ ಗುರುತು ಹೇಳತಾರ."

ಲೇಔಟು ತುಂಬಿಹೋಗಿತ್ತು. ಹಸಿರು, ಗುಲಾಬಿ, ಹಳದಿ ಬಣ್ಣದ ಮನೆಗಳು, ಬಾಗಿಲಿಗೆ ರಂಗೋಲಿ, ತಂತಿಯ ಮೇಲೆ ಯೂನಿಫಾರ್ಮು. ಹಳ್ಳದ ಉದ್ದಕ್ಕೂ ಲಕ್ಕಿ ಮತ್ತೆ ಆಳೆತ್ತರ ಬೆಳೆದಿತ್ತು. ಕಲ್ಲಿಗೆ ಸಣ್ಣ ಕಟ್ಟೆ ಕಟ್ಟಿದ್ದರು. ಮುಂದೆ ಅರಿಷಿಣ ಕುಂಕುಮ, ಹಿಂಬದಿಗೆ ಹೊಚ್ಚಹೊಸ ಕೆಂಪು ಬಣ್ಣದಲ್ಲಿ ಆ ನಂಬರು. ಹನುಮಕ್ಕ ಈಗ ಅಲ್ಲಿಯೇ ಹೆಣ್ಣುಮಕ್ಕಳ ಎರಡು ಮನೆಗಳ ನಡುವೆ ಓಡಾಡಿಕೊಂಡಿದ್ದಾಳೆ. ಬಾಯಿ ಮೊದಲಿನ ಹಾಗೆಯೇ ಇದೆ.

"ಬಣ್ಣ ಅಳಿಸಿತ್ತವಾ. ಹೆಣ್ಮಕ್ಳೆಲ್ಲ ಸೇರಿ ಬರಿಸ್ಯಾರ. ದೇವ್ರ ಹೆಸರು ಅಳಸಬಾರ್ದಂತ" ಎಂದು ನಕ್ಕಳು. ಹೊಸಬರು ಯಾರಿಗೂ ಆ ನಂಬರು ಯಾರದೆಂದು ಗೊತ್ತಿಲ್ಲವಂತೆ. ನಾನೂ ಹೇಳಬೇಡ ಎಂದೆ. ಹೊರಡುವಾಗ ಅವಳು ಕಲ್ಲಿನ ಮುಂದಿನ ಕುಂಕುಮವನ್ನೇ ತೆಗೆದು ನನ್ನ ಹಣೆಗೆ ಹಚ್ಚಿದಳು. ಈ ವರ್ಷ ಹಳ್ಳ ಇನ್ನೂ ಬಂದಿಲ್ಲ, ಬಂದರೆ ಫೋನ್ ಮಾಡುತ್ತೇನೆ ಎಂದಳು.

ಮೊನ್ನೆ ಹಸ್ತದ ಮಳೆ ಹಿಡಿಯಿತು. ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದೆ, ಫೋನು ಬಂತು. ಹಿಂದೆ ಅದೇ ಲಾರಿಗಳ ಸದ್ದು, ಹೆಂಗಸರ ಕೂಗಾಟ. ಕ್ಷೇಮ ಸಮಾಚಾರ ಏನೂ ಇಲ್ಲ. ಹನುಮಕ್ಕ ಒಂದೇ ಮಾತು ಹೇಳಿದಳು.

"ಬಂದಾಳವಾ. ನಿನ್ನ ಅಡಿಗಿಮನಿತನಕ ಬಂದಾಳ."

ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಫೋನು ಹಿಡಿದು, ಆ ಸದ್ದು ಕೇಳುತ್ತ ನಿಂತೆ.